ನಾನೂರು ಯೂನಿಟ್ಟಿನ ಒಳಗೆ

"ಪಟ ಇಲ್ಲಿ ಕೊಡೇ," ಎನ್ನುತ್ತ ಮಾಲಿಮ್ ಅತ್ತೆ ಸತ್ತ ಅಣ್ಣನ ಪಟದ ಚೌಕಟ್ಟಿಗೆ ಕೈ ಹಾಕಿದಳು. ಹೇರಾನ್ ಬಿಡಲಿಲ್ಲ. ಶವದ ಬಸ್ಸು ಇಂಚನ್ ನಗರದ ಆ ಕಿರುಗಲ್ಲಿಯನ್ನು ಅಡ್ಡಗಟ್ಟಿ ನಿಂತಿತ್ತು. ಹಿಂದೆ ತರಕಾರಿ ಗಾಡಿಯವನೊಬ್ಬ ಹಾರ್ನ್ ಒತ್ತಲು ಹೋಗಿ, ಪಟದ ಕಪ್ಪು ಪಟ್ಟಿ ಕಂಡು ಸುಮ್ಮನಾದ. ಸುಡುವ ಮೊದಲು ಪಟವನ್ನು ಮನೆಯ ಕೋಣೆಕೋಣೆಗೂ ಒಯ್ದು, ಸತ್ತವರಿಗೆ ಕೊನೆಯ ಸಲ ಮನೆ ತೋರಿಸುವುದು ವಾಡಿಕೆ.

"ಹೆಣ್ಣು ಪಟ ಹಿಡಿದು, ಗಂಡು ದಿಕ್ಕಿಲ್ಲದ ಮನೆ ಅಂತ ಬೀದಿಗೆಲ್ಲ ಸಾರ್ಬೇಕಾ? ಡ್ರೈವರ್ ಹಿಡೀಲಿ."

"ಅಪ್ಪನ್ನ ನಾನೇ ಕರ್ಕೊಂಡ್ ಹೋಗ್ತೀನಿ ಅತ್ತೆ."

"ಹೋಗು. ನಾನೂ ಬರ್ತೀನಿ. ನಿಮ್ಮಮ್ಮಂಗೆ ಇವತ್ತು ಒಂದ್ ಮಾತು ಹೇಳೋದಿದೆ."

ಆ ಮಾತು ಯಾವುದೆಂದು ಹೇರಾನಳಿಗೆ ಗೊತ್ತಿತ್ತು. "ಬೇಡ ಅತ್ತೆ. ಅಮ್ಮ ಆಮೇಲೆ ಉಳಿಯಲ್ಲ."

"ಉಳೀದೆ ಏನು? ನಮ್ಮಣ್ಣ ಬದುಕಿದ್ದಷ್ಟು ದಿನ ಕತ್ತಲಲ್ಲಿ ಉಂಡ. ಬೇಸಿಗೇಲಿ ಫ್ಯಾನ್ ಹಾಕ್ದೆ ಬೆಂದ. ಕಾವಲು ಕೆಲಸದಲ್ಲೇ ಎದೆ ಒಡೆದು ಸತ್ತ. ಯಾಕೆ ಅಂತ ಅವಳಿಗೆ ಗೊತ್ತಾಗ್ಲಿ. ಸೋಜು ಕುಡಿದು ನನ್ನ ಮುಂದೆ ಅತ್ತಿದ್ದ ಕಣೇ ಅವನು."

ಅಮ್ಮನ ಜೊತೆಗಿದ್ದ ಕೆಳಮನೆಯಾಕೆ ಶವಪೆಟ್ಟಿಗೆಗೆ ನಮಸ್ಕರಿಸಲು ಆಗತಾನೆ ಇಳಿದು ಬಂದಿದ್ದಳು. ಅಮ್ಮ ನಾಲ್ಕನೇ ಮಹಡಿಯಲ್ಲಿ ಒಬ್ಬಳೇ ಇದ್ದಳು. ಲಿಫ್ಟ್ ಇಲ್ಲದ ಆ ಕಟ್ಟಡದಿಂದ ಅವಳು ಕೆಳಗಿಳಿದು ಎಷ್ಟೋ ಕಾಲವಾಗಿತ್ತು.

*

ಹೇರಾನ್ ಹುಡುಗಿಯಾಗಿದ್ದಾಗ ಒಮ್ಮೆ ಶಾಲೆಯಲ್ಲಿ ಹೋಂವರ್ಕ್ ಕೊಟ್ಟಿದ್ದರು: ನಿಮ್ಮ ಮನೆಯ ಕರೆಂಟಿನ ಲೆಕ್ಕ ಹಾಕಿ ತನ್ನಿ. ಹೇರಾನಳಿಗೆ ಇದಕ್ಕಿಂತ ಸುಲಭದ ಪಾಠ ಇರಲಿಲ್ಲ. ಅವಳಪ್ಪ ಗಿಲ್‌ಸಿಕ್ ಉಸಿರಾಡಿದರೂ ಯೂನಿಟ್ಟಿನ ಲೆಕ್ಕವೇ. ತಿಂಗಳಿಗೆ ನಾನೂರು ದಾಟಿದರೆ ದರ ನೆಗೆಯುತ್ತದೆ, ನಾನೂರರೊಳಗೇ ಇರಬೇಕು. ಫ್ರಿಜ್ ತೆರೆದು ನಿಂತರೆ "ಒಳಗೇನು ಸಿನಿಮಾ ನಡೀತಿದ್ಯಾ?" ಎನ್ನುತ್ತಿದ್ದ. ಕರೆಂಟ್ ಕುಕ್ಕರಿನಲ್ಲಿ ಅನ್ನ ಬೆಚ್ಚಗಿಟ್ಟರೆ ರಂಪ, ಆದ್ದರಿಂದ ಅವರು ತಣ್ಣಗಿನ ಅನ್ನಕ್ಕೆ ಬಿಸಿನೀರು ಸುರಿದುಕೊಂಡು ಉಣ್ಣುತ್ತಿದ್ದರು. ಬೀದಿದೀಪದ ಬೆಳಕಿದೆಯೆಂದು ಅವಳನ್ನು ಕಿಟಕಿಯ ಬಳಿ ಓದಲು ಕೂರಿಸುತ್ತಿದ್ದ. ಜಿಪುಣ ಎಂದು ಅವಳು ಅವನನ್ನು ಮನಸಾರೆ ದ್ವೇಷಿಸುತ್ತಿದ್ದಳು.

ಒಂದೊಂದೇ ಸಾಮಾನಿನ ಹಿಂದೆ ಬರೆದ ವಾಟ್ ಓದುತ್ತ, ಶ್ವಾಸಕೋಶ ಸೋತ ಅಮ್ಮನ ಉಸಿರಿನ ಯಂತ್ರದ ಹತ್ತಿರ ಬಂದಳು. ಮುನ್ನೂರೈವತ್ತು. ಹಗಲೂ ರಾತ್ರಿ ಓಡುವ ಯಂತ್ರ, ತಿಂಗಳಿಗೆ ಇನ್ನೂರೈವತ್ತರ ಮೇಲೆ. ಉಳಿದ ಮನೆಯೆಲ್ಲ ಬದುಕುತ್ತಿದ್ದುದು ಮಿಕ್ಕ ನೂರೈವತ್ತರಲ್ಲಿ. ಊಟಕ್ಕೆ ಕೂತಾಗ ಅವಳು "ಅಮ್ಮಾ, ನಿನ್ ಮಶೀನು..." ಎಂದದ್ದೇ ತಡ, ಅಪ್ಪ ರಟ್ಟೆ ಹಿಡಿದು ಮೆಟ್ಟಿಲಿಗೆ ಎಳೆತಂದ.

"ಅದು ಒಂದು ಬಲ್ಬಿನಷ್ಟೂ ತಿನ್ನಲ್ಲ ಅಂತ ಅವಳಿಗೆ ಹೇಳಿದೀನಿ. ನಿಜ ಗೊತ್ತಾದ್ರೆ ಆರಿಸಿಬಿಡ್ತಾಳೆ. ನಿಮ್ಮಮ್ಮ ಎಂಥೋಳು ಅಂತ ನಿಂಗೆ ಗೊತ್ತಿಲ್ವಾ?"

ಮರುದಿನ ಯಂತ್ರದ ಹಿಂದೆ ವಾಟ್ ಬರೆದ ಚೀಟಿ ಇರಲಿಲ್ಲ. ಅಪ್ಪನ ಉಗುರಿನಲ್ಲಿ ಅಂಟು ಮೆತ್ತಿಕೊಂಡಿತ್ತು.

ಒಂದೇ ಒಂದು ವಿಷಯ ಅವನಿಗೆ ಕೊನೆತನಕ ಬಗೆಹರಿಯಲಿಲ್ಲ. ಬಿಲ್ಲು ಯಾವಾಗಲೂ ಅವನ ಲೆಕ್ಕಕ್ಕಿಂತ ಕಡಿಮೆಯೇ ಬರುತ್ತಿತ್ತು. "ನಮ್ಮ ಮೀಟರಿಗೂ ನಮ್ಮ ಮೇಲೆ ಕರುಣೆ," ಎಂದು ನಗುತ್ತಿದ್ದ.

*

ಹೇರಾನ್ ಪಟವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಅತ್ತೆ ಏದುಸಿರು ಬಿಡುತ್ತ, ದಪ್ಪ ಬೂಟು ಕುಟ್ಟುತ್ತ ಬಂದಳು. ಮೂರನೇ ಮಹಡಿಯ ತಿರುವಿನಲ್ಲಿ ಹೇರಾನಳಿಗೆ ಏನೋ ಕಮ್ಮಿಯಾದಂತೆ ಅನಿಸಿತು. ಸಾಮಾನ್ಯವಾಗಿ ಅಲ್ಲಿಗೇ ಕೇಳಿಸುತ್ತಿದ್ದ ಯಂತ್ರದ ಸದ್ದಿರಲಿಲ್ಲ. ಅತ್ತೆಯ ಬೂಟು ಮೇಲಿನ ಮೆಟ್ಟಿಲಿಗೆ ಬಡಿದದ್ದೇ ಬಾಗಿಲಾಚೆ ಟಕ್ಕೆಂದಿತು. ಗುಂಯ್ ಎಂದು ಸದ್ದು ಶುರುವಾಯಿತು.

ಅಮ್ಮ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ತುಟಿ ನೇರಳೆಗಟ್ಟಿತ್ತು. ಪಟ ನೋಡಿ ಎದ್ದು ನಿಲ್ಲಲು ಹೋಗಿ ಆಗದೆ, ಕೂತಲ್ಲೇ ತಲೆ ಬಾಗಿಸಿದಳು.

"ಬಂದ್ರಾ," ಎಂದಳು ಪಟಕ್ಕೆ. "ಹೇರಾನ್, ದೀಪ ಹಾಕ್ಬೇಡ. ಅವ್ರಿಗೆ ಹಿಡಿಸಲ್ಲ."

ಹೇರಾನ್ ಪಟಕ್ಕೆ ಅಡುಗೆಮನೆ ತೋರಿಸಿದಳು, ಕಿಟಕಿ ತೋರಿಸಿದಳು. ಕಿವಿಯೆಲ್ಲ ಅತ್ತೆಯ ಮೇಲಿತ್ತು.

"ಅತ್ತಿಗೇ," ಎಂದಳು ಮಾಲಿಮ್ ಅತ್ತೆ. ಇಷ್ಟು ವರ್ಷ ಕಟ್ಟಿಟ್ಟ ಮಾತು ಅವಳ ಗಂಟಲಿನವರೆಗೆ ಬಂದಿತ್ತು. "ನಮ್ಮಣ್ಣ ನಿನಗೋಸ್ಕರ..." ಆಸರೆಗೆಂದು ಯಂತ್ರದ ನೆತ್ತಿಯ ಮೇಲೆ ಕೈಯೂರಿದಳು. ಅಂಗೈ ಎತ್ತಿ ಮತ್ತೆ ಇಟ್ಟು ನೋಡಿದಳು. ಹಗಲೂ ರಾತ್ರಿ ಓಡಬೇಕಾದ ಯಂತ್ರ ತಣ್ಣಗಿತ್ತು.

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿದರು.

"ಏನ್ ಹೇಳೋಕ್ ಬಂದೆ?" ಎಂದಳು ಅಮ್ಮ.

"ಏನಿಲ್ಲ. ಊಟ ಮಾಡು ಅಂತ." ಅತ್ತೆ ಮುಖ ತಿರುಗಿಸಿ, ಕಣ್ಣೊರೆಸಿಕೊಂಡು ಹೊರಗೆ ಹೋದಳು.

ಕೆಳಗಿನಿಂದ ಡ್ರೈವರ್ ಕೂಗಿದ, ಹೊತ್ತಾಯಿತೆಂದು. ಹೇರಾನ್ ಅಪ್ಪನನ್ನು ಎತ್ತಿಕೊಂಡು ಇಳಿದಳು. ಮೂರನೇ ಮಹಡಿಯ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು. ಅತ್ತೆಯ ಬೂಟಿನ ಸದ್ದು ಕೆಳಗಿಳಿಯುತ್ತ ಕ್ಷೀಣವಾಗಿ, ನಿಂತುಹೋಯಿತು.

ಮೇಲೆ ಟಕ್ಕೆಂದಿತು. ಗುಂಯ್‌ಗುಡುವುದು ನಿಂತಿತು.

ಅಪ್ಪ ಕೆಲಸಕ್ಕೆ ಹೋದ ದಿನವೆಲ್ಲ ಇದೇ ನಡೆದಿತ್ತು. ಅವನ ಹೆಜ್ಜೆ ಮೆಟ್ಟಿಲಿಳಿದು ಮರೆಯಾಗುವ ತನಕ ಅಮ್ಮ ಕಿವಿಯಿಟ್ಟು ಕಾದಿದ್ದಳು. ಕರುಣೆ ಮೀಟರಿನದಾಗಿರಲಿಲ್ಲ.

"ಹೇರಾನ್, ಬಸ್ಸು ಕಾಯ್ತಿದೆ," ಎಂದು ಅತ್ತೆಯ ದನಿ ಕೇಳಿತು.

ಅವಳು ಪಟವನ್ನು ಮನೆಯ ಕಡೆಗೆ ತಿರುಗಿಸಿದಳು. ಆಮೇಲೆ ಪಾಳಿ ಮುಗಿಸಿ ದಣಿದು ಬರುವ ಗಂಡಸಿನ ಹಾಗೆ, ಒಂದೊಂದೇ ಕಾಲನ್ನು ಎತ್ತೆತ್ತಿ ಕುಟ್ಟುತ್ತ ಮೆಟ್ಟಿಲು ಹತ್ತತೊಡಗಿದಳು. ಒಳಗೆ ಟಕ್ಕೆಂದಿತು.