ಕಪಿಲೆಗೆ ಬಿದ್ದ ಕಾರಿನ ಕೀ

ಕಳಲೆಯ ಪುಟ್ಟಬಸವಯ್ಯನವರಿಗೆ ಒಂದು ಗಟ್ಟಿ ನಂಬಿಕೆ ಇತ್ತು. ಹೆಂಗಸರ ಕೈಗೆ ಕೊಟ್ಟ ಕೀ ಉಳಿಯಲ್ಲ ಅಂತ. ಬೀರು ಕೀ, ಪಂಪ್‌ಸೆಟ್ ಮನೆ ಕೀ, ಎಲ್ಲವೂ ಅವರ ಹತ್ತಿರವೇ ಇರಬೇಕು. ಹೀಗಿರುವಾಗ ಸೊಸೆ ಚೈತ್ರ ಏಳು ಸೀಟಿನ ಹಳದಿ ಬೋರ್ಡ್ ಕಾರು ತಂದಳು ನೋಡಿ! ಕಾರು ಅವಳದು, ಓಡಿಸುವವಳು ಅವಳು, ಕೀ ಮಾತ್ರ ಮಾವನದು.

ಚೈತ್ರ ಶೋಕಿಗೆ ಕಾರು ತಂದವಳಲ್ಲ. ತಾಂಡ್ಯದ ಫ್ಯಾಕ್ಟರಿಗೆ ಹೋಗುವ ಊರಿನ ಹೆಂಗಸರು ಬಸ್ಸಿಗೆ ಕಾದು ಕಾದು ಸಾಕಾಗಿ, "ನೀನೇ ಕರ್ಕೊಂಡೋಗು ಚೈತ್ರ" ಅಂದಿದ್ದರು. ಫ್ಯಾಕ್ಟರಿಯವರೂ ಒಪ್ಪಿದ್ದರು. ಬರುವ ತಿಂಗಳು ಒಂದನೇ ತಾರೀಖು, ಬೆಳಗಿನ ಶಿಫ್ಟಿಗೆ ಗಾಡಿ ಗೇಟಿನ ಮುಂದೆ ನಿಂತಿರಬೇಕು. ತಪ್ಪಿದರೆ ಆ ಕೆಲಸ ಬೇರೆಯವರಿಗೆ.

ಅದಕ್ಕೂ ಮುಂಚೆ ಒಂದು ಸೋಮವಾರ ನಂಜನಗೂಡಿಗೆ ಹೋಗಿ ಗಾಡಿ ಪೂಜೆ ಮಾಡಿಸಿದರು. ಅತ್ತೆ ಚನ್ನಾಜಮ್ಮ ಎರಡೂ ಕೀಗಳನ್ನು ಒಂದೇ ಅರಿಶಿನದ ದಾರಕ್ಕೆ ಪೋಣಿಸಿ ಗಂಟು ಹಾಕಿದರು.

"ಅತ್ತೆ, ಅದ್ರಲ್ಲಿ ಒಂದು ಸ್ಪೇರ್ ಕೀ. ಮನೇಲಿಡಾನ," ಅಂದಳು ಚೈತ್ರ.

"ಪೂಜೆ ಆದ ಜೋಡೀನ ಅಗಲಿಸ್ತಾರಾ? ಬುಡ್ತು ಅನ್ನು!"

"ತತ್ತಾ ಇಲ್ಲಿ, ನನ್ ತಾವ ಇರ್ಲಿ. ನಿಮ್ ಕೈಲಿದ್ರೆ ಕಳ್ದೋಯ್ತದೆ," ಅಂತ ಪುಟ್ಟಬಸವಯ್ಯ ಇಸಿದುಕೊಂಡು ಪಂಚೆಯ ಚುಂಗಿಗೆ ಕಟ್ಟಿಕೊಂಡರು. ಇನ್ನು ಮಿಂದು ದರ್ಶನ ಮಾಡುವುದೊಂದೇ ಬಾಕಿ. ಕಟ್ಟಿದ ಗಂಟಿನ ಸಮೇತ ಕಪಿಲೆಗೆ ಇಳಿದು, "ನಂಜುಂಡಪ್ಪಾ, ಕಾಪಾಡಪ್ಪಾ" ಅಂತ ಮುಳುಗು ಹಾಕಿದರು. ಎದ್ದು ನೋಡುತ್ತಾರೆ, ಗಂಟು ಬಿಚ್ಚಿಕೊಂಡಿದೆ. ಕೀ ಇಲ್ಲ! ಒಂದಲ್ಲ, ಎರಡೂ ಇಲ್ಲ. ಹೊಳೆಯಲ್ಲಿ ನೀರು ಬೇರೆ ಜೋರಾಗಿತ್ತು. ಈಜು ಬಲ್ಲವರು ಮುಳುಗಿ ಹುಡುಕಿದರೂ ಸಿಗಲಿಲ್ಲ. ಕಾರನ್ನು ಅಲ್ಲೇ ಬಿಟ್ಟು ಎಲ್ಲರೂ ಬಸ್ಸು ಹತ್ತಿ ಬಂದರು.

ಮಾರನೆಯ ಬೆಳಗ್ಗೆ ಟೀ ಅಂಗಡಿ ಮಹದೇವಯ್ಯ ಕೇಳಿದ, "ಏನ್ ಪುಟ್ಟಬಸಣ್ಣ, ನಿನ್ ಸೊಸೆ ಕಾರಿನ ಕೀ ಕಳ್ದಾಕ್ಬುಟ್ಲಂತೆ?"

ಇಲ್ಲ ಕಣಯ್ಯ, ಕಳೆದದ್ದು ನಾನು ಅನ್ನಬೇಕಿತ್ತು. ಅಷ್ಟು ಜನರ ಮುಂದೆ ನಾಲಿಗೆ ಏಳಲಿಲ್ಲ. "ಊಂ" ಅಂದುಬಿಟ್ಟರು. ಅಷ್ಟು ಸಾಕಲ್ಲ ಊರಿಗೆ? "ಕೀ ಮಡೀಕೊಳಕ್ಕೆ ಬರ್ದೋಳು ಕಾರು ಓಡುಸ್ತಾಳಂತೆ!" ಅನ್ನುವ ಮಾತು ಸಂಜೆಯೊಳಗೆ ಕೇರಿಯೆಲ್ಲ ಸುತ್ತಿತು. ಚೈತ್ರಳ ಕಿವಿಗೂ ಬಿತ್ತು. ಅವಳು ಎಂದಿನ ಹಾಗೆಯೇ ಮಾವನಿಗೆ ಊಟ ಬಡಿಸಿದಳು. ಪುಟ್ಟಬಸವಯ್ಯನವರು ಅವತ್ತು ಅರ್ಧ ಮುದ್ದೆ ಬಿಟ್ಟು ಎದ್ದರು.

ತಪ್ಪು ಮಾಡಿದವರಿಗೆ ಅವಸರ ಜಾಸ್ತಿ. ನಂಜನಗೂಡು ಪೇಟೆಯ ಕೀ ಮಾಡುವವನೊಬ್ಬನನ್ನು ಕಾರಿನ ಹತ್ತಿರ ಕರೆತಂದರು. ಅವನು ಬಾಗಿಲು ತೆಗೆದ, ಉಜ್ಜಿ ಉಜ್ಜಿ ಒಂದು ಕೀ ಮಾಡಿದ. ಕೀ ತಿರುಗಿತು. ಇಂಜಿನ್ ಮಾತ್ರ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. "ಇದು ಚಿಪ್ ಇರೋ ಕೀ ಯಜಮಾನ್ರೇ. ನನ್ ಕೈಲಾಗಲ್ಲ," ಅಂತ ನಿಯತ್ತಾಗಿ ಹೇಳಿ ಹೋದ.

"ಅಂಗಾರೆ ವೈರ್ ಕಿತ್ತು ಡೈರೆಕ್ಟ್ ಕೊಡ್ಸಿಬುಡಾನ," ಅಂತ ಪುಟ್ಟಬಸವಯ್ಯ ಮೆಕ್ಯಾನಿಕ್‌ನನ್ನು ಹುಡುಕಲು ಹೊರಟರು. ಪುಣ್ಯಕ್ಕೆ ಪೇಟೆಗೆ ಬಂದಿದ್ದ ಪಕ್ಕದ ಮನೆಯ ನಾಗರತ್ನ ಎದುರಾದಳು. ಸ್ವಸಹಾಯ ಸಂಘದ ಪ್ರತಿನಿಧಿ ಅವಳು. ಹೋದ ವರ್ಷ ತಿ. ನರಸೀಪುರದ ಮದುವೆ ಮನೆಯಲ್ಲಿ ತನ್ನ ಕಾರಿನ ಕೀ ಕಳೆದುಕೊಂಡು ಪಾಡು ಪಟ್ಟವಳು.

"ದೊಡ್ಡಪ್ಪ, ನಿಂತ್ಕೊ! ವೈರ್ ಗೀರ್ ಕಿತ್ತೀಯ, ಹುಷಾರು. ಬೆಂಕಿ ಹತ್ಕೊಂಡ್ರೆ ಯಾರ್ ಗತಿ? ಆಮೇಲೆ ಕಂಪನಿಯೋರು ಗ್ಯಾರಂಟಿನೂ ಇಲ್ಲ ಅಂತಾರೆ."

"ಕಬ್ಬಿಣದ್ ಚೂರಿಗೆ ಇಷ್ಟೊಂದ್ ರಂಪವಾ ನಾಗು?"

"ಬರೀ ಕಬ್ಬಿಣ ಅಲ್ಲ ಕಣ್ ದೊಡ್ಡಪ್ಪ. ಕೀ ಒಳಗೆ ಸಣ್ಣ ಚಿಪ್ ಇರ್ತದೆ. ಅದರ ಗುರುತು ಕಾರಿಗೆ ಗೊತ್ತು. ಗುರುತು ಸಿಕ್ಕಿದ್ರೇ ಇಂಜಿನ್ ಏಳೋದು. ನಿನ್ ಹಸ ನಿನ್ ಕೈಗೆ ಹಾಲು ಕೊಡ್ತದೆ, ಕಂಡೋರು ಕೈ ಹಾಕಿದ್ರೆ ಒದೀತದೆ. ಅಂಗೇ. ಆ ಗುರುತಿನ ಕೀನ ಕಾರು ಮಾರಿದ ಡೀಲರೇ ಮಾಡಿಕೊಡ್ಬೇಕು."

ಹಸುವಿನ ಮಾತು ಪುಟ್ಟಬಸವಯ್ಯನವರಿಗೆ ನಾಟಿತು. ಆದರೂ ಬಿಡಲಿಲ್ಲ. "ಡೀಲರ್ ತಾವ ಓದ್ರೆ ಸುಲಿದ್ಬುಡ್ತಾರೆ."

"ಮೊದ್ಲೇ ಎಷ್ಟಾಗ್ತದೆ ಅಂತ ಬರೆಸ್ಕೋ, ರಸೀದಿ ಇಸ್ಕೋ. ವಿಮೆ ಕಾಗದನೂ ನೋಡ್ಸು, ಕೆಲವು ಪಾಲಿಸೀಲಿ ಕೀ ಕಳೆದ್ರೂ ಪರಿಹಾರ ಇರ್ತದೆ. ಇನ್ನೊಂದ್ ವಿಷ್ಯ ಕೇಳು. ಕಳೆದ ಕೀ ನಾಳೆ ಯಾರ ಕೈಗಾದ್ರೂ ಸಿಕ್ರೆ? ಡೀಲರ್ ಆ ಹಳೇ ಕೀ ಗುರುತನ್ನ ಕಾರಿನಿಂದ ಅಳಿಸಿಹಾಕ್ತಾನೆ. ಆಮೇಲೆ ಅದ್ರಿಂದ ಗಾಡಿ ಸ್ಟಾರ್ಟೇ ಆಗಲ್ಲ. ಮೊದ್ಲು ಸ್ಟೇಷನ್‌ಗೆ ಹೋಗಿ ಕೀ ಕಳೆದೋಯ್ತು ಅಂತ ಬರೆಸಿ, ಸ್ವೀಕೃತಿ ಚೀಟಿ ತಗೊಂಡ್ ಬಾ."

ಮಾವ ಸೊಸೆ ಇಬ್ಬರೂ ಸ್ಟೇಷನ್ನಿಗೆ ಹೋದರು. ಚೈತ್ರ ಅರ್ಜಿ ಬರೆಯುತ್ತಿದ್ದಳು. ಬರೆದುಕೊಳ್ಳುವ ಪೊಲೀಸಿನವರು, "ಕಳೆದದ್ದು ಯಾರಮ್ಮ? ನೀವೇನಾ?" ಅಂದರು. ಚೈತ್ರಳ ಪೆನ್ನು ನಿಂತಿತು. ಅವಳು ಮಾವನ ಕಡೆ ನೋಡಲೂ ಇಲ್ಲ. ಪುಟ್ಟಬಸವಯ್ಯ ಟವೆಲ್ ಹೆಗಲಿಂದ ಇಳಿಸಿ ಮುಂದೆ ಬಂದರು.

"ನಾನು ಸಾ. ಅವಳಲ್ಲ, ನಾನು. ಒಂದು ಮನೇಲಿಡಾನ ಅಂದ್ಲು, ನಾನ್ ಕೇಳ್ನಿಲ್ಲ. ಅಂಗೇ ಬರೀರಿ."

ಚೈತ್ರ ತಲೆ ಎತ್ತಿದಳು. ಕಣ್ಣು ತುಂಬಿಕೊಂಡಿತ್ತು. "ಸರಿ ಮಾವ," ಅಂದು ಬರೆದು ಮುಗಿಸಿದಳು.

ಕಾರನ್ನು ಟೋ ಮಾಡಿಸಿ ಮೈಸೂರಿನ ಡೀಲರ್ ಹತ್ತಿರ ಒಯ್ದರು. ಕೌಂಟರಿನಲ್ಲಿ ಸಿದ್ಧಾರ್ಥ ಅನ್ನುವ ಹುಡುಗ ಕೂತಿದ್ದ. ಪುಟ್ಟಬಸವಯ್ಯ ಟವೆಲ್ ಕೊಡವಿ ಮುಂದೆ ಕೂತು, "ಮನೆ ಯಜಮಾನ ನಾನು. ಎಲ್ಲಿ ಸೈನ್ ಆಕ್ಬೇಕು?" ಅಂದರು.

"ಆರ್‌ಸಿ ಯಾರ ಹೆಸರಲ್ಲಿದೆ ಯಜಮಾನ್ರೇ?"

"ಸೊಸೆ ಹೆಸ್ರಲ್ಲದೆ."

"ಹಾಗಾದ್ರೆ ಸಹಿ ಅವರೇ ಮಾಡ್ಬೇಕು. ಅವರ ಗುರುತಿನ ಚೀಟಿ ಬೇಕು. ಬೇರೆಯವರಿಗೆ ಕೀ ಮಾಡಿಕೊಡಲ್ಲ."

"ಬೇರೆಯವರಾ? ಮಾವ ಕಣಯ್ಯ ನಾನು!"

"ನಾಳೆ ಇನ್ಯಾರೋ ಬಂದು ನಾನೂ ಮಾವ ಅಂತ ಹೇಳಿ ನಿಮ್ ಕಾರಿನ ಕೀ ಕೇಳಿದ್ರೆ ಕೊಟ್ಬಿಡ್ಲಾ?"

ಚೈತ್ರ ಫಕ್ಕನೆ ನಕ್ಕಳು. ಪುಟ್ಟಬಸವಯ್ಯ ಒಂದು ಗಳಿಗೆ ಗುರ್ ಅಂದರೂ, ಮಾತು ನ್ಯಾಯವಾಗಿಯೇ ಇತ್ತಲ್ಲ, ಎದ್ದು ಸೊಸೆಗೆ ಕುರ್ಚಿ ಬಿಟ್ಟುಕೊಟ್ಟರು. ಚೈತ್ರ ಆರ್‌ಸಿ, ಆಧಾರ್, ವಿಮೆ, ಸ್ಟೇಷನ್ನಿನ ಸ್ವೀಕೃತಿ, ಕಾರು ಕೊಳ್ಳುವಾಗ ಕೀ ಜೊತೆ ಕೊಟ್ಟಿದ್ದ ನಂಬರಿನ ಬಿಲ್ಲೆ, ಎಲ್ಲ ತೆಗೆದಿಟ್ಟಳು. ಆ ಬಿಲ್ಲೆಯನ್ನು ಅವಳು ತನ್ನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಳು. "ಈ ನಂಬರ್ ನೋಡಿಯೇ ಕಂಪನಿಯವರು ಹೊಸ ಕೀ ಮಾಡೋದು. ಇದಿದ್ರೆ ಅರ್ಧ ಕೆಲಸ ಆದಂಗೆ ಮೇಡಂ," ಅಂದ ಸಿದ್ಧಾರ್ಥ. ಮೇಡಂ! ಪುಟ್ಟಬಸವಯ್ಯನವರ ಕಿವಿಗೆ ಅದು ಹಿತವಾಗಿಯೇ ಕೇಳಿಸಿತು.

ಕೀ ಕಂಪನಿಯಿಂದ ಬರಬೇಕಿತ್ತು. ದಿನಗಳು ಉರುಳಿದವು. ಒಂದನೇ ತಾರೀಖು ಹತ್ತಿರ ಬಂತು. ಚನ್ನಾಜಮ್ಮ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತರು. ತಿಂಗಳ ಕೊನೆಯ ದಿನ ಮಧ್ಯಾಹ್ನ ಫೋನ್ ಬಂತು. ಮಾವ ಸೊಸೆ ಇಬ್ಬರೂ ಬಸ್ಸಿನಲ್ಲಿ ಮೈಸೂರಿಗೆ ಓಡಿದರು. ಸಿದ್ಧಾರ್ಥ ಕಂಪ್ಯೂಟರನ್ನು ಕಾರಿಗೆ ಜೋಡಿಸಿ ಹಳೆಯ ಕೀಗಳ ಗುರುತು ಅಳಿಸಿದ, ಹೊಸ ಎರಡು ಕೀಗಳನ್ನು ಸೇರಿಸಿದ. ಚೈತ್ರ ಕೀ ತಿರುಗಿಸಿದಳು. ಇಂಜಿನ್ ಗುಯ್ಯೆಂದು ಎದ್ದಿತು! ಪುಟ್ಟಬಸವಯ್ಯ ಷೋರೂಮ್ ಅನ್ನುವುದನ್ನೂ ಮರೆತು "ಬಂತು ಕಣವ್ವ, ಬಂತು!" ಅಂತ ಕೂಗಿದರು.

ಮನೆಗೆ ಬಂದರೆ ಚನ್ನಾಜಮ್ಮ ಮತ್ತೆ ಅರಿಶಿನದ ದಾರ ಹಿಡಿದು ನಿಂತಿದ್ದಾರೆ.

"ಒಂದಕ್ಕೆ ಕಟ್ಟು, ಚೈತ್ರ ತಾವ ಇರ್ಲಿ. ಇನ್ನೊಂದ್ ಬೀರುಗೆ ಓಗ್ಲಿ," ಅಂದರು ಪುಟ್ಟಬಸವಯ್ಯ.

"ಜೋಡಿ ಅಗಲ್ಸದಾ?"

"ಜೋಡೀಲೇ ಓಗಿ ಜೋಡೀಲೇ ಮುಳುಗುದ್ವಲ್ಲಾ, ಸಾಕ್ ಸುಮ್ಕಿರು!"

ಒಂದನೇ ತಾರೀಖು, ಇನ್ನೂ ಮಬ್ಬುಗತ್ತಲು. ತಾಂಡ್ಯಕ್ಕೆ ಹೋಗುವ ಹೆಂಗಸರು ಬುತ್ತಿ ಹಿಡಿದು ಕಾರು ಹತ್ತಿದರು. ಹಾಲಿನ ಡೇರಿಗೆ ಹೊರಟಿದ್ದ ಪುಟ್ಟಬಸವಯ್ಯನವರೂ ಕ್ಯಾನ್ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಟೀ ಅಂಗಡಿ ಹತ್ತಿರ ಮಹದೇವಯ್ಯ ಕೂಗಿದ, "ಕೀ ಸಿಕ್ತೇನವ್ವ? ಈ ಸಲನಾದ್ರೂ ಜೋಪಾನ್ವಾಗ್ ಮಡೀಕೊ, ಕಳೀಬ್ಯಾಡ!" ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

"ನಿಲ್ಸವ್ವ," ಅಂದರು ಪುಟ್ಟಬಸವಯ್ಯ. ಕಿಟಕಿಯಿಂದ ತಲೆ ಆಚೆ ಹಾಕಿ, ಊರಿಗೇ ಕೇಳುವ ಹಾಗೆ ಹೇಳಿದರು. "ಲೇ ಮಾದೇವ, ಎಲ್ರೂ ಕೇಳ್ರುಲಾ! ಕೀ ಕಳೆದೋನು ನಾನು. ತಂದೋಳು ನನ್ ಸೊಸೆ!"

ಹಿಂದಿನ ಸೀಟಿನ ಹೆಂಗಸರು ಹೋ ಅಂತ ಚಪ್ಪಾಳೆ ತಟ್ಟಿದರು. ಚೈತ್ರ ಜೋರಾಗಿ ಹಾರ್ನ್ ಹೊಡೆದು ಗೇರ್ ಹಾಕಿದಳು. ಶಿಫ್ಟಿನ ಗಂಟೆಗೆ ಮುಂಚೆಯೇ ಕಾರು ಫ್ಯಾಕ್ಟರಿ ಗೇಟಿನ ಮುಂದೆ ನಿಂತಿತ್ತು.

ಇದನ್ನು ಓದಿದಿರಲ್ಲ ಅಕ್ಕ, ಅಣ್ಣ, ಈಗಲೇ ಎದ್ದು ನಿಮ್ಮ ಗಾಡಿಯ ಎರಡನೇ ಕೀ ಎಲ್ಲಿದೆ ನೋಡಿ. ಒಂದೇ ಗೊಂಚಲಲ್ಲಿದ್ದರೆ ಇವತ್ತೇ ಬೇರೆ ಮಾಡಿ. ನಂಬರಿನ ಬಿಲ್ಲೆ ಜೋಪಾನ ಮಾಡಿ, ಅದರ ಫೋಟೋ ಯಾರಿಗೂ ಕಳಿಸಬೇಡಿ. ಅಕಸ್ಮಾತ್ ಕಳೆದರೆ ವೈರ್ ಕೀಳಿಸಬೇಡಿ. ಪೊಲೀಸರಲ್ಲಿ ಬರೆಸಿ, ಆರ್‌ಸಿ ಹಿಡಿದು ಡೀಲರ್ ಹತ್ತಿರ ಹೋಗಿ, ಹಳೇ ಕೀ ಗುರುತು ಅಳಿಸಿದರಾ ಅಂತ ಬಾಯಿ ಬಿಟ್ಟು ಕೇಳಿ. ಮತ್ತೆ, ಕಳೆದವರು ನೀವೇ ಆಗಿದ್ದರೆ ನಾನೇ ಅಂತ ಹೇಳಿಬಿಡಿ. ಗಂಡಸರೇ, ನಿಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ!