ಕತ್ತೆ ಮತ್ತು ಕುರ್ಚಿ

"ಆತು ಬಿಡಲೇ, ನಿನ್ನ ಕುರ್ಚಿನೇ ದೊಡ್ಡದು."

ಇಷ್ಟು ಹೇಳಿ ಬಸವಪ್ರಸಾದ ಮಂಡಕ್ಕಿಯ ತಟ್ಟೆಗೆ ಕೈ ಹಾಕಿದ. ಎದುರಿಗೆ ಕೂತಿದ್ದ ಶಕೀಲನ ಕೈಯ ಮಿರ್ಚಿ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಈ ಮಾತಿಗಾಗಿ ಅವನು ಸುಮಾರು ಮೂವತ್ತು ವರ್ಷ ಕಾದಿದ್ದ. ಗೆದ್ದವನು ಎದ್ದು ಕುಣಿಯಬೇಕಿತ್ತು. ಅದರ ಬದಲು ಮಿರ್ಚಿಯನ್ನು ತಟ್ಟೆಗೆ ವಾಪಸಿಟ್ಟು, ಜ್ವರ ಬಂದವರನ್ನು ನೋಡುವ ಹಾಗೆ ಗೆಳೆಯನ ಮುಖ ನೋಡಿದ.

"ಏನಾಗ್ಯದಲೇ ನಿನಗ?"

ಬಸವಪ್ರಸಾದನಿಗೆ ಅದು ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡಿತು. ನಕ್ಕು ತಲೆಯಾಡಿಸಿದ. ಈಚೆಗೆ ಯಾರು ಏನು ಕೇಳಿದರೂ ಅವನ ಉತ್ತರ ಇದೇ ಆಗಿತ್ತು.

ಪೋತ್ನಾಳದಲ್ಲಿ ಮನೆಗೆ ಹತ್ತಿಕೊಂಡೇ ಅಕ್ಕಿ ಗಿರಣಿ ನಡೆಸುವ ಬಸವಪ್ರಸಾದನಿಗೂ ರಾಯಚೂರಿನಲ್ಲಿ ಮದುವೆ ಮುಂಜಿಗಳಿಗೆ ಸೌಂಡ್ ಬಾಕ್ಸು ಬಾಡಿಗೆ ಕೊಡುವ ಶಕೀಲನಿಗೂ ಪಾಲಿಟೆಕ್ನಿಕ್ ಕಾಲದ ಸ್ನೇಹ. ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಸ್ಟೇಷನ್ ಪಕ್ಕದ ಅಂಗಡಿಯವನೊಬ್ಬ ಯಾರೂ ಕೊಳ್ಳದ ವಿದೇಶಿ ಕ್ಯಾಸೆಟ್ಟುಗಳನ್ನು ಬುಟ್ಟಿಗೆ ಹಾಕಿ ಮಾರುತ್ತಿದ್ದಾಗ ಆಳಿಗೊಂದು ತಂದಿದ್ದರು. ಎರಡೂ ಅಮೆರಿಕದ ರಾಕ್ ತಂಡಗಳವು, ಎರಡೂ ಒಂದೇ ವರ್ಷ ಹೊರಬಂದವು. ಕೂದಲು ಕೆದರಿಕೊಂಡು, ಮೊಳಕಾಲು ಹರಿದ ಪ್ಯಾಂಟು ತೊಟ್ಟ ಹುಡುಗರು ಗಿಟಾರನ್ನು ಚೊಕ್ಕವಾಗಿ ನುಡಿಸುವುದೇ ಪಾಪವೇನೋ ಎಂಬಂತೆ ನುಡಿಸುತ್ತಿದ್ದ ಕಾಲ ಅದು. ತಂಡಗಳ ಹೆಸರು ನಾಲಗೆಯ ಮೇಲೆ ಸರಿಯಾಗಿ ಹೊರಳಲಿಲ್ಲ. ಹಾಗಾಗಿ ಕವರಿನ ಮೇಲಿನ ಚಿತ್ರವೇ ಹೆಸರಾಯಿತು. ಬಸವಪ್ರಸಾದನದು ಕತ್ತೆ, ಶಕೀಲನದು ಕುರ್ಚಿ.

ಕತ್ತೆಯಲ್ಲಿ ಹಾಡು ಮೆಲ್ಲಗೆ ಶುರುವಾಗಿ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಹಾಡುವವನ ಗಂಟಲು ಹರಿದೇ ಹೋಯಿತು ಅನ್ನುವಾಗ ಹಿಂದಿನಿಂದ ಇನ್ನೊಂದು ಗಿಟಾರು, ಎತ್ತಿನ ಕೊರಳ ಗೆಜ್ಜೆಯಷ್ಟು ಸಣ್ಣಗೆ, ತನ್ನ ಪಾಡಿಗೆ ತಾನು ಕಿಣಿಕಿಣಿ ಅನ್ನುತ್ತಿತ್ತು. ಬಸವಪ್ರಸಾದನ ಜೀವವೆಲ್ಲ ಆ ಗೆಜ್ಜೆಯಲ್ಲಿತ್ತು. ಕುರ್ಚಿಯಲ್ಲಿ ಯಾರೂ ಒದರುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಯಾರೋ ಗೊಣಗಿಕೊಂಡ ಹಾಗೆ ಹಾಡು, ನೆಲದಡಿಯಿಂದ ಬಂದ ಹಾಗೆ ಗುಂಯ್ ಎನ್ನುವ ಬೇಸ್ ಗಿಟಾರು. "ಸಿಟ್ಟು ಬಂದಾಗ ಒದರೋದು ಯಾವ ದೊಡ್ಡಸ್ತಿಕಿ? ಸಿಟ್ಟು ನುಂಗಿ ಕುಂತಾನಲ್ಲ, ಇಂವ ಗಂಡಸು" ಎಂದು ಶಕೀಲ. "ಹೊಟ್ಟಿಯಾಗಿನದು ಹೊರಗ ಹಾಕಾಕ ಎದಿ ಬೇಕಲೇ, ನಿನ್ನಂವ ಕುರ್ಚಿ ಬಿಟ್ಟು ಏಳಂಗೇ ಇಲ್ಲ" ಎಂದು ಬಸವಪ್ರಸಾದ. ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೆ ಜಗಳಕ್ಕೆ ಅರ್ಥ ಯಾಕೆ ಬೇಕು? ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಇಬ್ಬರ ತಲೆಯೂ ನರೆಯಿತು. ಪ್ರತಿವರ್ಷ ಗಿರಣಿ ನಿಲ್ಲಿಸಿ ರಿಪೇರಿ ಮಾಡಿಸುವ ವಾರದಲ್ಲಿ ಶಕೀಲ ಪೋತ್ನಾಳಕ್ಕೆ ಬರಬೇಕು, ಎರಡನ್ನೂ ಮೊದಲಿಂದ ಕೊನೆಯವರೆಗೆ ಹಾಕಬೇಕು, ಜಗಳ ಆಗಬೇಕು. ಇದು ಹಬ್ಬದಂತೆ ನಡೆದುಕೊಂಡು ಬಂದಿತ್ತು.

ಹೋದ ವರ್ಷವೇ ಕತ್ತೆ ಬಸವಪ್ರಸಾದನಿಗೆ ಮೂಟೆಯೊಳಗಿಂದ ಕೂಗಿದಂತೆ ಕೇಳಿಸಿತ್ತು. ನೆನಪಿನ ಮೇಲೆಯೇ ವಾದ ಮಾಡಿ ಮಾನ ಉಳಿಸಿಕೊಂಡಿದ್ದ. ಈ ವರ್ಷ ಗೆಜ್ಜೆಯ ಸುಳಿವೇ ಇಲ್ಲ. ಕುರ್ಚಿಯ ಗುಂಯ್ ಮಾತ್ರ ಕೂತ ಮಂಚದ ಕಾಲಿನಿಂದ ಹತ್ತಿ ಬಂದು ಎದೆಗೆ ತಾಗುತ್ತಿತ್ತು. ಕೇಳಿಸದ್ದನ್ನು ಹೊಗಳಲು ಅವನಿಗೆ ಮನಸ್ಸು ಒಪ್ಪಲಿಲ್ಲ. ಸೋತೆ ಎಂದುಬಿಟ್ಟರೆ ಮುಗಿಯಿತು, ಮುಂದಿನ ವರ್ಷ ನಟಿಸುವ ಕೆಲಸವೂ ಇರುವುದಿಲ್ಲ ಎಂದುಕೊಂಡಿದ್ದ. ಹೇಳಿದ ಮೇಲೆ ಮಾತ್ರ ಮನೆಯ ದೀಪ ತಾನೇ ಆರಿಸಿದಂತಾಯಿತು.

ಚಹಾ ತಂದ ಅನ್ನಪೂರ್ಣ ಗಂಡನ ಗುಟ್ಟನ್ನು ಕಾಯುವ ಗೋಜಿಗೆ ಹೋಗಲಿಲ್ಲ. "ಶಕೀಲಣ್ಣ, ಇವರಿಗೆ ಕಿವಿ ಕೇಳಸಂಗಿಲ್ಲ. ಟಿವಿ ಸಪ್ಪಳ ಓಣಿಗೆಲ್ಲ ಕೇಳತದ, ಇವರೊಬ್ಬರಿಗೆ ಬಿಟ್ಟು. ದವಾಖಾನಿಗೆ ನಡೀರಿ ಅಂದ್ರ, ಅಪ್ಪಂದು ನನಗ ಬಂದದ, ಯಾವ ಡಾಕ್ಟರು ಏನು ಮಾಡ್ತಾನ ಅಂತಾರ."

ಹೆಂಡತಿಯ ಮುಖ ನೋಡಿಯೇ ಬಸವಪ್ರಸಾದನಿಗೆ ವಿಷಯ ತಿಳಿಯಿತು. ಅವನ ಅಪ್ಪ ಶರಣಯ್ಯ ಇದೇ ಗಿರಣಿ ನಡೆಸುತ್ತ ಕಿವುಡರಾದವರು. ಕೊನೆಯ ವರ್ಷಗಳಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ನಗುತ್ತ ಕೂತಿರುತ್ತಿದ್ದರು. ಜನ ಮೊದಮೊದಲು ಜೋರಾಗಿ ಮಾತಾಡಿದರು, ಆಮೇಲೆ ಮಾತಾಡುವುದನ್ನೇ ಬಿಟ್ಟರು. ಆ ನಗು ಈಗ ತನ್ನ ಮುಖಕ್ಕೂ ಬಂದು ಕೂತಿದೆ ಎಂಬುದು ಮಗನಿಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಅವನಿಗೆ ಬೇರೊಂದಿರಲಿಲ್ಲ.

ಶಕೀಲ ಏನೋ ಹೇಳಲು ಹೊರಟಾಗ ಗಿರಣಿಯ ಒಳಗಿನಿಂದ ಹುಲಗಪ್ಪ ಬಂದು, ಬಸವಪ್ರಸಾದನಿಗೆ ಬರ್ರಿ ಎಂದು ಕೈಸನ್ನೆ ಮಾಡಿದ. ಗಿರಣಿಯ ಹಳೆಯ ಮೆಕ್ಯಾನಿಕ್ಕು ಅವನು. ಮಷಿನ್ನಿನ ಗದ್ದಲದಲ್ಲಿ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುವವರು, ಹೀಗಾಗಿ ಅಲ್ಲಿ ಯಾರಿಗೂ ಮಾಲೀಕನ ಕಿವಿಯ ಸುದ್ದಿ ಗೊತ್ತಿರಲಿಲ್ಲ. ಅಕ್ಕಿಗೆ ಪಾಲಿಶ್ ಹಾಕುವ ಮಷಿನ್ನನ್ನು ಖಾಲಿ ಓಡಿಸಿದ್ದರು, ಬೇರಿಂಗು ನೋಡಬೇಕಿತ್ತು. ಬಸವಪ್ರಸಾದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಬೇರಿಂಗಿನ ಕವಚದ ಮೇಲೆ ಇಟ್ಟ. ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದ. ಅಪ್ಪ ಕಲಿಸಿದ ವಿದ್ಯೆ. ಒಂದು ಗಳಿಗೆಯ ನಂತರ ಕಣ್ಣು ತೆರೆದು, "ಬಲಗಡಿದು ಬರೋಬ್ಬರಿ ಅದ. ಎಡಗಡಿದು ಹೋಗ್ಯದ, ಒಂದು ಗುಂಡು ತಡವರಸಾಕತ್ತದ" ಎಂದ. ಮಷಿನ್ನು ನಿಲ್ಲಿಸಿ ಬಿಚ್ಚಿದರೆ ಎಡಗಡೆಯ ಬೇರಿಂಗಿನಲ್ಲಿ ಒಂದು ಗುಂಡಿಗೆ ಕಚ್ಚು ಬಿದ್ದಿತ್ತು.

ಶಕೀಲ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ. ಗೆಳೆಯನ ಎದುರಿಗೆ ಬಂದು, ಬಾಯಿ ದೊಡ್ಡದು ಮಾಡಿ ಒದರಿದ: "ನಾನು ಒದರಿದ್ದು ಕೇಳಂಗಿಲ್ಲ, ಗುಂಡು ತಡವರಿಸಿದ್ದು ಹೆಂಗ ಕೇಳತದಲೇ?"

"ಅದು ಮಷಿನ್. ಗದ್ದಲ ಭಾಳ ಇರತದ."

"ಗದ್ದಲದಾಗ ಒಂದ ಗುಂಡಿನ ಸಪ್ಪಳ ಆರಿಸಿ ತೆಗದಿಯಲ್ಲ!"

ಬಸವಪ್ರಸಾದ ಅದನ್ನು ಯೋಚಿಸಿಯೇ ಇರಲಿಲ್ಲ.

ದೇವದುರ್ಗ ಕಡೆಯ ಜಾಲಹಳ್ಳಿಯಲ್ಲಿ ಮದುವೆ ಮುಗಿಸಿಕೊಂಡು ಬಂದಿದ್ದ ಶಕೀಲನ ಗಾಡಿ ಅಂಗಳದಲ್ಲೇ ನಿಂತಿತ್ತು. ಅದರಿಂದ ಒಂದು ಕಟ್ಟಿಗೆಯ ಬಾಕ್ಸು ಇಳಿಸಿ, ಫೋನು ಜೋಡಿಸಿ ಕತ್ತೆ ಹಾಕಿದ. ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿಗೆ ಹಚ್ಚಿ, ಹಿಡಿಕೆಯನ್ನು ಗೆಳೆಯನ ಕಿವಿಯ ಹಿಂದೆ ತಾನೇ ಒತ್ತಿ ಹಿಡಿದ.

ಮೊದಲು ಏನೂ ಇರಲಿಲ್ಲ. ಆಮೇಲೆ ಹಾಡುವವನು ಮೆಲ್ಲಗೆ ಬಂದ. ಹಾಡು ಸಿಡಿಯಿತು, ಗಂಟಲು ಹರಿಯಿತು. ಅದರ ಹಿಂದಿನಿಂದ, ತನ್ನ ಪಾಡಿಗೆ ತಾನು, ಗೆಜ್ಜೆ.

"ಬಂತಲೇ!" ಎಂದು ಬಸವಪ್ರಸಾದ ಎಷ್ಟು ಜೋರಾಗಿ ಕೂಗಿದನೆಂದರೆ ಅನ್ನಪೂರ್ಣ ಅಡುಗೆಮನೆಯಿಂದ ಓಡಿಬಂದಳು. ಗಂಡ ಸೌಂಡ್ ಬಾಕ್ಸಿಗೆ ಸ್ಕ್ರೂಡ್ರೈವರ್ ಚುಚ್ಚಿಕೊಂಡು, ಸೊಂಟ ಬಗ್ಗಿಸಿ, ಕಣ್ಣೀರು ಸುರಿಸುತ್ತಿದ್ದ. ಹುಲಗಪ್ಪ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದ.

"ಅದರಾಗೂ ಬೇರಿಂಗ್ ಇರತದೇನ್ರಿ, ಧಣಿ?"

ಶಕೀಲ ಹಾಡು ನಿಲ್ಲಿಸಿದ. "ಕಿವಿ ಸತ್ತಿಲ್ಲಲೇ, ಎಲುಬಿನಿಂದ ಕೇಳತದ ಅಂದ್ರ ಒಳಗ ಚಂದ ಅದ. ಬಾಗಲಕ್ಕ ಏನೋ ಅಡ್ಡ ಬಿದ್ದದ. ನಾಳಿ ರಾಯಚೂರಿಗೆ ನಡಿ, ಇಲ್ಲಂದ್ರ ಈ ಸ್ಕ್ರೂಡ್ರೈವರಲೇ ಹೊಡಿತೀನಿ" ಎಂದು ಕೈಸನ್ನೆಯನ್ನೂ ಸೇರಿಸಿ ಗದರಿದ.

ರಾಯಚೂರಿನ ಕಿವಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಿಡಿದರೆ ನಾದ ಬರುವ ಉಕ್ಕಿನ ಕವಲು ಕಡ್ಡಿಯೊಂದನ್ನು ತಟ್ಟಿ ಅವನ ಕಿವಿಯ ಮುಂದೆ ಹಿಡಿದಳು, ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಊರಿದಳು. ಎರಡನೆಯದು ಕೇಳಿಸಿತು ಎಂದಾಗ ತಲೆದೂಗಿ, ದೀಪ ಹಾಕಿ ಒಳಗೆ ನೋಡಿದಳು.

"ಕಿವ್ಯಾಗ ಹತ್ತಿ ಇಟ್ಕೋತೀರೇನ್ರಿ?" ಎಂದು ಕಾಗದದ ಮೇಲೆ ಬರೆದು ತೋರಿಸಿದಳು.

ಇಡದೆ ಏನು? ಗಿರಣಿಯಲ್ಲಿ ಎಲ್ಲರೂ ಇಡುವವರೇ. ತೌಡಿನ ಧೂಳೂ ಸಪ್ಪಳವೂ ಒಳಗೆ ಹೋಗಬಾರದೆಂದು ಬೆಳಿಗ್ಗೆ ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಕಿವಿಗೆ ತುರುಕುವುದು, ಸಂಜೆ ಎಳೆದು ಬಿಸಾಡುವುದು. ಎಳೆದಾಗ ಚೂರುಪಾರು ಒಳಗೇ ಉಳಿದರೆ ಮರುದಿನದ ಹತ್ತಿ ಅದನ್ನು ಇನ್ನಷ್ಟು ಒಳಗೆ ತಳ್ಳುತ್ತಿತ್ತು. ಡಾಕ್ಟರು ಔಷಧಿ ಹಾಕಿ ನೆನೆಸಿ, ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಹತ್ತಿ, ಎಣ್ಣೆ, ತೌಡು, ಕಿವಿಯ ಗುಗ್ಗೆ ಎಲ್ಲ ಗಟ್ಟಿಯಾಗಿ ಹುಣಸೆ ಬೀಜದಂತಾಗಿದ್ದ ಕರಿ ಉಂಡೆ ತಟ್ಟೆಗೆ ಬಿತ್ತು. ಬಿದ್ದ ಸಪ್ಪಳ ಬಸವಪ್ರಸಾದನಿಗೆ ಕೇಳಿಸಿತು! ಬೆನ್ನಿಗೇ ಮೇಲಿನ ಫ್ಯಾನಿನ ಕಿರಿಕಿರಿ, ಹೊರಗೆ ಆಟೋದವನ ಬೈಗಳು, ಶಕೀಲನ ಮೂಗಿನ ಉಸಿರು ಎಲ್ಲ ನುಗ್ಗಿ ಬಂದವು. ಹೋದ ಜೀವ ಬಂದಂತಾಯಿತು. ಕೂತಲ್ಲೇ ನಗತೊಡಗಿದ. ಈ ನಗು ಬೇರೆ ನಗು.

"ಸಣ್ಣದೊಂದು ತೌಡಿನ ಗೋದಾಮೇ ಇತ್ತಲ್ರಿ" ಎಂದಳು ಡಾಕ್ಟರು, ಎರಡನೆಯ ಕಿವಿಗೆ ಕೈ ಹಾಕುತ್ತ. "ಮಷಿನ್ ಗದ್ದಲಕ್ಕ ಸ್ವಲ್ಪ ಪೆಟ್ಟು ಬಿದ್ದದ, ಇಲ್ಲ ಅನ್ನಂಗಿಲ್ಲ. ಆದ್ರ ಭಾಳ ಉಳಿದದ. ಇನ್ಮ್ಯಾಲ ಹತ್ತಿ ಬ್ಯಾಡ, ಕಿವಿಗೆ ಹಾಕೊಳ್ಳೋ ಮುಚ್ಚಳ ಸಿಗ್ತಾವ, ಅವು ಹಾಕ್ರಿ."

ವಾಪಸು ಬರುವಾಗ ಬಸವಪ್ರಸಾದ ಗಾಡಿಯಲ್ಲಿ ಕತ್ತೆ ಹಾಕಿಸಿದ. ಊರು ದಾಟುವುದರೊಳಗೆ ಗೆಜ್ಜೆಯ ಜಾಗ ಬಂತು. ಬಸವಪ್ರಸಾದ ಬಾಯಿ ತೆರೆದುಕೊಂಡು ಪೂರ್ತಿ ಕೇಳಿ, ಶಕೀಲನ ಕಡೆ ತಿರುಗಿದ.

"ನಿನ್ನೆ ಹೇಳಿದ್ದು ವಾಪಸ್ ತಗೊಂಡೀನಿ."

"ಹೇ! ಬಾಯಿ ಬಿಟ್ಟು ಒಪ್ಪಿಕೊಂಡೀದಿ. ನನ್ನ ಎರಡೂ ಕಿವಿ ಸಾಕ್ಷಿ ಅದಾವ."

"ಕಿವುಡನ ಮಾತು ಯಾವ ಕೋರ್ಟಿನಾಗ ನಡೀತದಲೇ? ಕತ್ತೆನೇ ದೊಡ್ಡದು."

"ಕತ್ತೆನೇ ಹೌದು, ನನ್ನ ಪಕ್ಕದಾಗ ಕುಂತದ!"

ಕಲ್ಲೂರು ಬಂದರೂ ಜಗಳ ಮುಗಿಯಲಿಲ್ಲ. ಶಕೀಲ ಸ್ಟೀರಿಂಗ್ ಬಡಿದು ಬಡಿದು ವಾದ ಮಾಡಿದ. ಸೋತದ್ದಕ್ಕೆ ಅವನಿಗಾದ ಸಂತೋಷ ಗೆದ್ದಾಗ ಆಗಿರಲಿಲ್ಲ. ಮಾನ್ವಿ ದಾಟಿದ ಮೇಲೆ ಬಸವಪ್ರಸಾದ ಹಾಡಿನ ಸದ್ದು ತಗ್ಗಿಸಿದ. ಎರಡೂ ಕಡೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು.

"ಶಕೀಲ, ಅಪ್ಪನೂ ಹತ್ತಿ ಇಟ್ಕೋತಿದ್ದ."

ಶಕೀಲ ಎದುರಿಗೆ ಬಂದ ಲಾರಿಗೆ ದಾರಿ ಬಿಟ್ಟ. "ಅವರದೂ ಬರೇ ಹತ್ತಿನೇ ಇತ್ತೋ ಏನೋ, ಆವಾಗ ಯಾರಿಗೆ ಗೊತ್ತಿತ್ತಲೇ" ಎಂದ, ಮೆಲ್ಲಗೆ. ಅಷ್ಟು ಮೆಲ್ಲಗೆ ಆಡಿದ ಮಾತೂ ಬಸವಪ್ರಸಾದನಿಗೆ ಕೇಳಿಸಿತು.

ಪೋತ್ನಾಳಕ್ಕೆ ಬಂದಾಗ ಹುಲಗಪ್ಪ ಹೊಸ ಬೇರಿಂಗು ಕೂರಿಸುತ್ತಿದ್ದ. ಬಸವಪ್ರಸಾದ ಗಿರಣಿಯ ಬಾಗಿಲ ಪಕ್ಕದ ಗೂಡಿಗೆ ಕೈ ಹಾಕಿದ. ಅಪ್ಪನ ಕಾಲದಿಂದಲೂ ಎಣ್ಣೆ ಹತ್ತಿ ಇಡುವ ಹಿತ್ತಾಳೆ ಬಟ್ಟಲು ಅಲ್ಲೇ ಇತ್ತು. ಅದನ್ನು ಹೊರಗೆ ತಂದು, ಹತ್ತಿಯನ್ನು ಕಸಕ್ಕೆ ಹಾಕಿ, ಎಣ್ಣೆಯನ್ನು ಮಣ್ಣಿಗೆ ಸುರುವಿದ. ನಲ್ಲಿಯ ಕೆಳಗೆ ಬೂದಿ ಹಚ್ಚಿ ತಿಕ್ಕಿ ತೊಳೆದು, ಅಪ್ಪ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಕಡೆ ಕಲ್ಲಿನ ಮೇಲೆ ಬೋರಲು ಹಾಕಿದ. ಬಟ್ಟಲು ಕಲ್ಲಿಗೆ ತಾಗಿ ಸಣ್ಣಗೆ ಕಿಣ್ ಎಂದಿತು. ಆ ಸದ್ದು ಪೂರ್ತಿ ಅಡಗುವವರೆಗೂ ಅವನು ಅಲ್ಲೇ ಬಗ್ಗಿ ನಿಂತಿದ್ದ.