ಹೊರಗಿನ ಫ್ಲಾಪಿ

ಕಂಪ್ಯೂಟರ್ ರಿಪೇರಿ ಮಾಡುವವರ ಬಾಯಲ್ಲಿ ಒಂದು ಉತ್ತರ ಯಾವಾಗಲೂ ತಯಾರಿರುತ್ತಿತ್ತು. ಮಷಿನ್ ಯಾಕೆ ಕೆಟ್ಟಿತು ಎಂದು ಗಿರಾಕಿ ಕೇಳಿದರೆ, ಯಾರೋ ಹೊರಗಿನ ಫ್ಲಾಪಿ ಹಾಕಿದ್ದಾರೆ, ವೈರಸ್ ಬಂದಿದೆ ಎಂದುಬಿಡುವುದು. ಹತ್ತರಲ್ಲಿ ಏಳು ಸಲ ಅದು ನಿಜವೇ. ಉಳಿದ ಮೂರು ಸಲ ನಮಗೆ ಕಾರಣ ಗೊತ್ತಿರುತ್ತಿರಲಿಲ್ಲ, ಇಲ್ಲವೇ ಕಾರಣ ನಾವೇ ಆಗಿರುತ್ತಿದ್ದೆವು. ಈ ಉತ್ತರ ಹೇಳಿ ನಾನು ಎಷ್ಟೋ ಮನೆಗಳಲ್ಲಿ ಪಾರಾಗಿದ್ದೇನೆ. ಖಾನಾಪುರದ ಗುರುಪುತ್ರಪ್ಪನವರ ಮನೆಯಲ್ಲಿ ಹೇಳಿದ್ದು ಮಾತ್ರ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಆಗ ಬೆಳಗಾವಿಯ ಹಿಂದವಾಡಿಯಲ್ಲಿ ನನ್ನದೊಂದು ಸಣ್ಣ ಅಂಗಡಿಯಿತ್ತು. ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿ ಮನೆಮನೆಗೆ ಕೊಡುತ್ತಿದ್ದೆ. ಎರಡು ಸಾವಿರನೇ ಇಸವಿಯ ದೀಪಾವಳಿಗೆ ಗುರುಪುತ್ರಪ್ಪನವರಿಗೂ ಒಂದು ಕೊಟ್ಟೆ. ಪೆಂಟಿಯಂ ಥ್ರೀ, ಅರವತ್ನಾಲ್ಕು ಎಂಬಿ ರ‍್ಯಾಮ್, ಹತ್ತು ಜಿಬಿ ಹಾರ್ಡ್ ಡಿಸ್ಕ್, ಜೊತೆಗೆ ಕನ್ನಡ ಬರೆಯುವ ಒಂದು ಸಾಫ್ಟ್‌ವೇರ್. ಅವರು ಮಾನಿಟರಿನ ನೆತ್ತಿಗೆ ಕುಂಕುಮ ಹಚ್ಚಿ, ಎದುರಿಗೆ ಕಾಯಿ ಒಡೆದರು. ನೀರು ಕೀಬೋರ್ಡಿಗೆ ಸಿಡಿಯದಂತೆ ನಾನು ಅಡ್ಡ ಕೈಹಿಡಿದು ನಿಂತಿದ್ದೆ.

ಗುರುಪುತ್ರಪ್ಪ ಭೂಮಾಪನದ ಕೆಲಸದಲ್ಲಿದ್ದು ನಿವೃತ್ತರಾದವರು. ಮೂವತ್ತು ವರ್ಷ ಜಾಂಬೋಟಿ ಕಡೆ ಅಳತೆಯ ಸರಪಳಿ ಎಳೆಸಿಕೊಂಡು ತಿರುಗಿದ್ದರು. ಸರಕಾರದ ಪುಸ್ತಕದಲ್ಲಿ ಗದ್ದೆಗೊಂದು ನಂಬರು ಮಾತ್ರ ಇರುತ್ತದೆ. ಉಳುವವರ ಬಾಯಲ್ಲಿ ಪ್ರತಿ ಗದ್ದೆಗೂ ಒಂದು ಹೆಸರಿರುತ್ತದೆ, ಕನ್ನಡದ್ದೋ ಮರಾಠಿಯದ್ದೋ. ಆ ಹೆಸರುಗಳನ್ನು, ಅವು ಯಾಕೆ ಬಂದವೆಂಬ ಕಥೆ ಸಮೇತ, ಅವರು ಚೀಟಿಗಳಲ್ಲಿ ಬರೆದಿಟ್ಟಿದ್ದರು. ಸಾವಿರಕ್ಕೂ ಮೇಲೆ ಚೀಟಿಗಳು. ಅರ್ಧದಷ್ಟು ಹೆಸರು ಹೇಳಿದವರು ಈಗ ಬದುಕಿರಲಿಲ್ಲ.

“ಕಾಗದ ಇನ್ನ ಯಾಕ ಬೇಕ್ರಿ ಕಾಕಾ?” ಎಂದವನು ನಾನೇ. “ಒಮ್ಮಿ ಇದರಾಗ ಹೋತಂದ್ರ ಇಲಿ ತಿನ್ನೂದಿಲ್ಲ, ಮಳಿಗೆ ಹಸಿಯಾಗೂದಿಲ್ಲ.”

ವ್ಯಾಪಾರದ ಮಾತು. ಅವರು ಅದನ್ನು ವೇದವಾಕ್ಯವೆಂದು ನಂಬಿದರು. ಟೈಪ್ ಆದ ಚೀಟಿಗಳನ್ನು ವಾರಕ್ಕೊಮ್ಮೆ ಕಟ್ಟು ಕಟ್ಟಿ ನೀರೊಲೆಗೆ ಹಾಕುತ್ತ ಬಂದರು.

ಚೀಟಿ ಓದಿ ಹೇಳುತ್ತಿದ್ದವಳು ಸೊಸೆ ಪ್ರಮಿಳಾ. ಗಂಡ ಸೈನ್ಯದಲ್ಲಿ, ದೂರ ಎಲ್ಲೋ ಉತ್ತರದಲ್ಲಿ. ಮಾವನವರು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿದ್ದರು. ಅವರ ಕಣ್ಣು ದಣಿದಾಗ ಆಕೆ ಕುಳಿತು ಹತ್ತೂ ಬೆರಳಲ್ಲಿ ಟೈಪ್ ಮಾಡುತ್ತಿದ್ದಳು. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಬೆಳಗಾವಿಗೆ ಬಂದು ರಾಮತೀರ್ಥ ನಗರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಸೆಪ್ಟೆಂಬರಿನಲ್ಲಿ ಪರೀಕ್ಷೆ. ಪಾಸಾದರೆ ಅಲ್ಲೇ ಕಲಿಸುವ ಕೆಲಸ ಕೊಡುವುದಾಗಿ ಕ್ಲಾಸಿನ ಬಾಯಿಯವರು, ಅಂದರೆ ಅದನ್ನು ನಡೆಸುವ ಟೀಚರು, ಮಾತು ಕೊಟ್ಟಿದ್ದರು. ಈ ಸಂಗತಿಯನ್ನು ಆಕೆ ನನಗೆ ಎರಡು ಸಲ ಹೇಳಿದ್ದಳು. ಮೊದಲ ಸಲ ಹೇಳಿದ್ದು ಮರೆತು ಎರಡನೆಯ ಸಲ ಹೇಳಿದವಳಲ್ಲ, ಇನ್ನೊಮ್ಮೆ ಹೇಳಬೇಕೆನಿಸಿ ಹೇಳಿದವಳು.

ಮರುವರ್ಷ ಜುಲೈಯಲ್ಲಿ ಮಷಿನ್ ನಡುನಡುವೆ ನಿಂತುಬಿಡುತ್ತದೆ ಎಂದು ಫೋನ್ ಬಂತು. ನಾನು ಹೋದಾಗ ಗುರುಪುತ್ರಪ್ಪ ಬ್ಯಾಂಕಿಗೆ ಹೋಗಿದ್ದರು, ಪ್ರಮಿಳಾ ಕ್ಲಾಸಿಗೆ. ಅವರ ಹೆಂಡತಿ ಸಿದ್ದಕ್ಕ ಬಾಗಿಲು ತೆಗೆದು ಒಳಗೆ ಹೋದರು. ನನಗೆ ಸಂಜೆಯೊಳಗೆ ಬೆಳಗಾವಿಯಲ್ಲಿ ಇನ್ನೊಂದು ಮನೆಗೆ ಹೋಗಬೇಕಿತ್ತು. ನಮ್ಮ ಧಂದೆಯಲ್ಲಿ ಆಗ ಎಲ್ಲ ರೋಗಕ್ಕೂ ಒಂದೇ ಔಷಧ: ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಅಳಿಸುವ ಮುಂಚೆ ಮನೆಯವರನ್ನು ಕೇಳಬೇಕು. ಸಿದ್ದಕ್ಕನಿಗೆ ಮಷಿನ್ನಿನ ವಿಷಯ ಗೊತ್ತಿರಲಿಲ್ಲ, ಉಳಿದವರು ಬರುವವರೆಗೆ ಕಾಯಲು ನನಗೆ ಪುರಸೊತ್ತಿರಲಿಲ್ಲ. ಡಿ ಡ್ರೈವ್ ನೋಡಿದೆ, ಖಾಲಿ. ಮೈ ಡಾಕ್ಯುಮೆಂಟ್ಸ್ ನೋಡಿದೆ, ನಾಲ್ಕು ಮದುವೆ ಫೋಟೋ. ಅವನ್ನು ಫ್ಲಾಪಿಗೆ ತೆಗೆದಿಟ್ಟು ಅಳಿಸಿದೆ. ವಿಂಡೋಸನ್ನೂ ಕನ್ನಡದ ಸಾಫ್ಟ್‌ವೇರನ್ನೂ ಹೊಸದಾಗಿ ಹಾಕಿದೆ.

ಗುರುಪುತ್ರಪ್ಪ ಬಂದು ಚಪ್ಪಲಿ ಬಿಟ್ಟು, ಕೈ ತೊಳೆದು, ಕುರ್ಚಿಯಲ್ಲಿ ಕುಳಿತರು. ಕನ್ನಡ ಸಾಫ್ಟ್‌ವೇರ್ ತೆರೆದರು. ಫೈಲುಗಳ ಪಟ್ಟಿ ಖಾಲಿಯಿತ್ತು.

“ಗಜೂ, ನನ್ನ ಗದ್ದಿ ಎಲ್ಲಿ ಹೋದು?”

ಆಗ ನೆನಪಾಯಿತು. ಆ ಸಾಫ್ಟ್‌ವೇರ್, ಬೇರೆಲ್ಲಿ ಇಡು ಎಂದು ಹೇಳದಿದ್ದರೆ, ಬರೆದದ್ದನ್ನು ಸಿ ಡ್ರೈವಿನೊಳಗೆ ತನ್ನದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿತ್ತು. ನನಗದು ಚೆನ್ನಾಗಿ ಗೊತ್ತಿತ್ತು. ಅವರಿಗೆ ಅದನ್ನು ಹಾಕಿಕೊಟ್ಟವನೇ ನಾನು. ಅಳಿಸಿ, ಮೇಲೆ ಹೊಸದು ತುಂಬಿದ ಡಿಸ್ಕಿನಿಂದ ಹಳೆಯದನ್ನು ಎತ್ತುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಬಾಯಿ ತನ್ನ ರೂಢಿಯಂತೆ ನಡೆಯಿತು.

“ವೈರಸ್ ತಿಂದೈತ್ರಿ ಕಾಕಾ. ಯಾರರೆ ಹೊರಗಿನ ಫ್ಲಾಪಿ ಹಾಕಿದ್ರೇನು?”

ಈ ಪ್ರಶ್ನೆಗೆ ಯಾವ ಮನೆಯಲ್ಲೂ ಉತ್ತರ ಬರುವುದಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಉತ್ತರ ಬಾಗಿಲಲ್ಲಿ ನಿಂತಿತ್ತು. ಪ್ರಮಿಳಾ ಆಗಷ್ಟೇ ಬಸ್ಸಿಳಿದು ಬಂದಿದ್ದಳು, ಕೊಡೆಯಿಂದ ನೀರು ಸೋರುತ್ತಿತ್ತು.

“ನಾ ಹಾಕೇನ್ರಿ,” ಎಂದಳು. “ಮೊನ್ನಿ ಆಯತವಾರ. ಕ್ಲಾಸಿನ ಫ್ಲಾಪಿ.”

ಚೀಲದಿಂದ ಅದನ್ನು ತೆಗೆದು ತಾನಾಗಿ ನನ್ನ ಕೈಗೆ ಕೊಟ್ಟಳು. ಡ್ರೈವಿಗೆ ಹಾಕಿ ವೈರಸ್ ಹುಡುಕುವ ಸಾಫ್ಟ್‌ವೇರ್ ಓಡಿಸಿದೆ. ಏನೂ ಇಲ್ಲ, ಶುದ್ಧ ಎಂದು ಪರದೆಯ ಮೇಲೆ ಬಂತು. ಆಕೆ ನಿಂತಲ್ಲಿಗೆ ಪರದೆ ಕಾಣುತ್ತಿರಲಿಲ್ಲ. ಗುರುಪುತ್ರಪ್ಪ ತಲೆ ತಗ್ಗಿಸಿ ಕುಳಿತಿದ್ದರು.

“ಹೂಂ, ಇದರಾಗ ಐತಿ,” ಎಂದೆ.

ಫ್ಲಾಪಿಯನ್ನು ಕಿಸೆಗೆ ಹಾಕಿಕೊಂಡು ಬಂದೆ. ಖಾನಾಪುರದಲ್ಲಿ ನನಗೆ ನಾಲ್ಕು ಗಿರಾಕಿಗಳನ್ನು ಕೊಟ್ಟವರು ಗುರುಪುತ್ರಪ್ಪ. ಗಜಾನನ ಕೆಡಿಸಿದ ಎಂದು ಅವರ ಬಾಯಲ್ಲಿ ಬಂದಿದ್ದರೆ ಆ ಊರಿನ ದಾರಿ ನನಗೆ ಮುಚ್ಚುತ್ತಿತ್ತು. ಬಸ್ಸಿನಲ್ಲಿ ಇದನ್ನೇ ನನಗೆ ನಾನು ಹೇಳಿಕೊಂಡೆ. ಸಮಾಧಾನವಾಗಲಿಲ್ಲ.

ಆಗಸ್ಟ್ ಕೊನೆಯಲ್ಲಿ ಅವರ ಯುಪಿಎಸ್ ಬ್ಯಾಟರಿ ಬದಲಿಸಲು ಹೋದೆ. ಮಾವ ಕುರ್ಚಿಯಲ್ಲಿ, ಸೊಸೆ ಅವರ ಬೆನ್ನ ಹಿಂದೆ ನಿಂತಿದ್ದಳು. ಚೀಟಿಗಳೆಲ್ಲ ಬೂದಿಯಾಗಿದ್ದವು. ಓದಿದ್ದು ನೆನಪಿದ್ದವಳು ಆಕೆಯೊಬ್ಬಳೇ.

“ಅತ್ತಿಗಿಡದ ಗದ್ದಿ. ಅದರ ಬಾಜೂಕ ಕೋಣನ ಮಡಾ. ಅದರಾಚೀಕ...” ಕಣ್ಣು ಮುಚ್ಚಿ ನಿಂತಳು. “ಆಚೀಕಿಂದು ನೆನಪಾಗವಲ್ದ್ರಿ ಮಾವಾರ.”

“ನೆನಪ ಮಾಡ್ಕೊ,” ಎಂದರು ಗುರುಪುತ್ರಪ್ಪ.

ಅವರು ಅಕ್ಷರ ತಪ್ಪು ಕುಟ್ಟಿದರು. ತಿದ್ದಲು ಆಕೆಯ ಕೈ ಮುಂದೆ ಬಂತು, ಅರ್ಧದಲ್ಲೇ ಹಿಂದೆ ಹೋಯಿತು. ಮಷಿನ್ ಮುಟ್ಟಬಾರದೆಂದು ಕಟ್ಟಪ್ಪಣೆಯಾಗಿತ್ತು.

“ಕ್ಲಾಸ್ ಹೆಂಗ ನಡದೈತ್ರಿ ವೈನಿ?” ಎಂದು ಪ್ರಮಿಳಾಳನ್ನು ಕೇಳಿದೆ. ಕೇಳಬಾರದಿತ್ತು.

“ಬಿಡಿಸೇನಿ,” ಎಂದು ಮಾವನವರೇ ಹೇಳಿದರು. “ಅಲ್ಲಿಂದನ ಬಂತಲ್ಲ ಮನಿಗೆ ಈ ಪೀಡಾ.”

ಹೊರಡುವಾಗ ಪ್ರಮಿಳಾ ಗೇಟಿನವರೆಗೆ ಬಂದಳು. “ಅಣ್ಣಾರ, ಫ್ಲಾಪಿ ಹಾಕೂ ಮುಂಚೆ ನಾ ಎರಡ ಸಲ ಚೆಕ್ ಮಾಡಿದ್ನಿರಿ. ಎಲ್ಲಿ ತಪ್ಪೇನಿ ಅಂತ ಹೇಳ್ರಿ. ಇನ್ನೊಮ್ಮಿ ಹಂಗ ಮಾಡೂದಿಲ್ಲ.”

“ಹೊಸಾ ವೈರಸ್ ಇರಬೇಕ್ರಿ,” ಎಂದೆ. ಆಕೆ ತಲೆಯಾಡಿಸಿದಳು, ಪಾಠ ಕೇಳಿದವಳ ಹಾಗೆ.

ಆ ದಿನದಿಂದ ಗಿರಾಕಿಗಳ ಮೇಲೆ ಕಾರಣವಿಲ್ಲದೆ ರೇಗತೊಡಗಿದೆ. ಆಕೆಯ ಫ್ಲಾಪಿಯನ್ನು ಅಂಗಡಿಯ ಮಷಿನ್‌ಗೆ ಹಾಕಿ ನೋಡಿದೆ. ಒಂದು ಬಯೋಡೇಟಾ ಇತ್ತು, ಇಂಗ್ಲಿಷಿನಲ್ಲಿ. ಜೊತೆಗೆ ಕ್ಲಾಸಿನ ಬಾಯಿಯವರ ಹೆಸರಿಗೆ ಬರೆದ ಅರ್ಜಿ ಇತ್ತು. ಕೆಲಸಕ್ಕೆ ಸೇರುವ ತಾರೀಖಿನ ಜಾಗ ಖಾಲಿ ಬಿಟ್ಟಿದ್ದಳು. ನಾನು ಹಲ್ಕಾ ಮನುಷ್ಯ ಎಂದು ನನಗೆ ಅವತ್ತು ಖಚಿತವಾಯಿತು.

ಪರೀಕ್ಷೆ ಸೋಮವಾರ. ಅದರ ಹಿಂದಿನ ಆದಿತ್ಯವಾರ ಬೆಳಿಗ್ಗೆ ಮಳೆಯಲ್ಲೇ ಖಾನಾಪುರಕ್ಕೆ ಹೋದೆ. ಮಾವ ಸೊಸೆ ಇಬ್ಬರನ್ನೂ ಎದುರಿಗೆ ಕರೆದು ಎಲ್ಲ ಹೇಳಿದೆ. ಕೇಳದೆ ಅಳಿಸಿದ್ದು, ಗೊತ್ತಿದ್ದೂ ಆ ಪೆಟ್ಟಿಗೆ ನೋಡದೆ ಇದ್ದದ್ದು, ಫ್ಲಾಪಿ ಶುದ್ಧವಿದ್ದರೂ ಸುಳ್ಳು ಹೇಳಿದ್ದು. ಫ್ಲಾಪಿಯನ್ನು ಟೇಬಲ್ಲಿನ ಮೇಲಿಟ್ಟೆ.

ಹೊಡೆದರೂ ಹೊಡೆಸಿಕೊಳ್ಳಲು ತಯಾರಾಗಿ ಬಂದಿದ್ದೆ. ಗುರುಪುತ್ರಪ್ಪ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡೊ ಗಜೂ. ಬೇಕಂತ ಮಾಡಿದ್ದೇನಲ್ಲ. ಇಷ್ಟು ದೂರ ಬಂದು ಖರೇ ಹೇಳಿದೆಲ್ಲ, ಈಗಿನ ಕಾಲದಾಗ ಅಷ್ಟು ಯಾರು ಮಾಡ್ತಾರ?”

ಎರಡೇ ನಿಮಿಷ. ಎರಡು ತಿಂಗಳು ಸೊಸೆಗೆ ಸಿಗದಿದ್ದ ಕ್ಷಮೆ ನನಗೆ ಎರಡು ನಿಮಿಷದಲ್ಲಿ ಸಿಕ್ಕಿತು.

“ಮಾವಾರ,” ಎಂದಳು ಪ್ರಮಿಳಾ, “ನಾಳಿ ಪರೀಕ್ಷಾ ಐತ್ರಿ. ಹಾಲ್ ಟಿಕೆಟ್ ಕ್ಲಾಸಿನ್ಯಾಗ ಐತಂತ.”

“ಈಗೆಲ್ಲಿ ಪರೀಕ್ಷಾ? ಎರಡು ತಿಂಗಳ ಕ್ಲಾಸ್ ತಪ್ಪೇತಿ. ಮುಂದಿನ ವರ್ಷ ನೋಡೂಣು. ಮೊದ್ಲ ಚಹಾ ಇಡವಾ, ಗಜೂ ತೊಯ್ಸಿಕೊಂಡು ಬಂದಾನ.”

ಆಕೆ ಕದಲಲಿಲ್ಲ. ನನ್ನ ಕಡೆ ನೋಡಿದಳು. ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಕಾಕಾ, ಆಕೆ ನನಗಿಂತ ಜೋರಾಗಿ ಟೈಪ್ ಮಾಡುತ್ತಾಳೆ, ಇವತ್ತೇ ನನ್ನ ಜೊತೆ ಕಳಿಸಿ, ಅಂಗಡಿಯಲ್ಲಿ ಸಂಜೆವರೆಗೆ ಅಭ್ಯಾಸ ಮಾಡಲಿ, ನಾಳೆ ಪಾಸಾಗುತ್ತಾಳೆ. ಇಷ್ಟೇ ಹೇಳಬೇಕಿತ್ತು. ಅವರ ಕೈ ಇನ್ನೂ ನನ್ನ ಹೆಗಲ ಮೇಲಿತ್ತು. ಯಾರೋ ಸಾತಪ್ಪ ಎಂಬುವರಿಗೂ ಒಂದು ಮಷಿನ್ ಬೇಕಂತೆ ಎಂದು ಮಾತು ಶುರು ಮಾಡಿದ್ದರು. ಆ ಕೈ ಎಲ್ಲಿ ಸರಿದುಬಿಡುತ್ತದೋ ಎಂದು ಹೆದರಿದೆ. ಪ್ರಮಿಳಾ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಕಪ್ಪು-ಬಸಿಯಲ್ಲಿ ಚಹಾ ತಂದು ನನ್ನ ಮುಂದಿಟ್ಟಳು. ಇಟ್ಟವಳು ಹೋಗಲಿಲ್ಲ. ನಾನು ಒಂದು ಗುಟುಕು ಕುಡಿದೆ, ಇನ್ನೊಂದು ಕುಡಿದೆ. ಆಕೆ ಕಾಯುತ್ತಿದ್ದಳು. ನಾನು ತಲೆಯೆತ್ತಿದೆ.

“ಚಹಾ ಛಲೋ ಆಗೇತ್ರಿ ವೈನಿ,” ಎಂದೆ.